ತೋಳಿನ ತುಂಡು

ಕಾಲರ್ ಮಾವ ಕಾಗದದ ತುಂಡನ್ನು ಮಗುಚಿ, ಕನ್ನಡಕವನ್ನು ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಮೇಜಿನ ಬಳಿ ನಿಂತವಳ ಕೈಯಲ್ಲಿದ್ದ ಕತ್ತರಿ ಬಿಳಿ ಬಟ್ಟೆಯ ನಡುವೆ ಬಾಯಿ ತೆರೆದುಕೊಂಡೇ ನಿಂತಿತು. ಮುದುಕನ ತುಟಿಗಳು ಸದ್ದಿಲ್ಲದೆ ಅಲುಗಾಡುತ್ತಿದ್ದವು. ಓದುತ್ತಿದ್ದಾನೆ. ಇಷ್ಟು ವರ್ಷ ಈ ಅಂಗಡಿಯಲ್ಲಿ ಕಾಲರಿನ ಹೊರತು ಬೇರೇನನ್ನೂ ಹೊಲಿಯದೆ, ತನ್ನ ಸ್ವಂತ ಹೆಸರನ್ನೇ ಆ ಕೆಲಸಕ್ಕೆ ಬಿಟ್ಟುಕೊಟ್ಟು ಎಲ್ಲರ ಬಾಯಲ್ಲೂ ಮಾವನಾದ ಮನುಷ್ಯ ಒಂದು ದಿನವೂ ಏನನ್ನೂ ಓದಿದ್ದನ್ನು ಅವಳು ಕಂಡವಳಲ್ಲ. ಪೇಪರು ಬಂದರೂ ಅದನ್ನು ಮಡಿಸಿ ಯಂತ್ರದ ಕಾಲಿನ ಕೆಳಗೆ ಇಡುವವನು. ಓದುವುದಕ್ಕೆ ಅವನಿಗೆ ಇವತ್ತೇ ಆಗಬೇಕಿತ್ತೆ, ಅದೂ ಇದನ್ನೇ ಓದಬೇಕಿತ್ತೆ? ಬೆಳಗ್ಗೆ ಮೇಜಿನ ಮೇಲೆ ತಾನು ಬರೆದ ಹಾಳೆ, ಹರಿದು ಚಿಂದಿ ಚೀಲಕ್ಕೆ ಹಾಕಬೇಕಿದ್ದ ಹಾಳೆ, ಈಗ ಡಾಕ್ಟರ ಕೋಟಿನ ಕಾಲರಾಗಿ, ಬೆನ್ನಾಗಿ, ಎದೆಯಾಗಿ, ತೋಳಾಗಿ ಈ ಕೋಣೆಯಲ್ಲಿ ಒಬ್ಬೊಬ್ಬರ ಕೈಯಲ್ಲಿ ಹಂಚಿಹೋಗಿದೆ ಎಂದು ಅವಳಿಗೆ ಒಮ್ಮೆಗೇ ಹೊಳೆದು, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳು ತಣ್ಣಗೆ ನಾಲಿಗೆಗೆ ತಗುಲಿದವು.

ತಪ್ಪು ತನ್ನದೇ. ಬೆಳಗ್ಗೆ ಗಂಡ ಹೇಳದೆ ಕೇಳದೆ ಕೆಳಗಿಳಿದು ಬಂದಿದ್ದ. ಮನೆ ಮೇಲೆ, ಅಂಗಡಿ ಕೆಳಗೆ. ಆ ಹೊತ್ತಿಗೆ ಅವನು ಯಾವತ್ತೂ ಇಳಿಯುವವನಲ್ಲ. "ಡಾಕ್ಟರ್ ಕೋಟು ಇವತ್ತು ಸಂಜೆಗೇ ಬೇಕಂತೆ, ಏನ್ಮಾಡ್ತಾ ಕೂತಿದ್ದೀಯ?" ಎಂದು ಬೆನ್ನ ಹಿಂದೆ ನಿಂತಾಗ ಅವಳು ಹಾಳೆಯನ್ನು ಮಗುಚಿ ಅಂಗೈ ಊರಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಏನನ್ನೂ ಕೇಳುವ ಮೊದಲೇ "ಅಳತೆ ಹಾಕ್ತಿದ್ದೀನಿ" ಎಂದಿದ್ದಳು. ಹಾಕು ಮತ್ತೆ, ಎಂದು ಅವನು ಅಲ್ಲೇ ಕಂಬದಂತೆ ನಿಂತ. ಡಾಕ್ಟರದು ಭಾರೀ ಮೈಕಟ್ಟು; ಅಂಗಡಿಯ ಗೋಡೆಗೆ ತೂಗಿದ ಮಾದರಿಗಳು ಒಂದೂ ಆಗುವುದಿಲ್ಲ, ಹೊಸ ಕಾಗದದಲ್ಲೇ ಗೆರೆ ಎಳೆಯಬೇಕು. ಹಾಳೆಯ ಖಾಲಿ ಮಗ್ಗುಲು ಕಣ್ಣೆದುರು ಹಾಸಿತ್ತು. ಅವಳು ಗೆರೆ ಎಳೆದಳು, ಕತ್ತರಿಸಿದಳು, ಬೇರೆ ಕೋಟುಗಳ ಜೊತೆ ಕಲೆತುಹೋಗದಿರಲೆಂದು ಒಂದೊಂದು ಕಾಗದವನ್ನೂ ಅದರದರ ಬಟ್ಟೆಗೆ ಸೂಜಿ ಚುಚ್ಚಿ ಇಟ್ಟಳು. ಅಷ್ಟರಲ್ಲಿ ಹೊಲಿಯುವವರು ಬಂದರು, ತಂತಮ್ಮ ಪಾಲು ಎತ್ತಿಕೊಂಡರು. ಕತ್ತರಿಸುವಾಗ ಕೈ ಒಂದಿಷ್ಟೂ ನಡುಗಿರಲಿಲ್ಲ ಎನ್ನುವುದು ಈಗ ನೆನಪಾಗಿ ಅವಳಿಗೆ ತನ್ನ ಕೈಯ ಮೇಲೆಯೇ ಸಿಟ್ಟು ಬಂತು.

"ತಾಯೀ, ಇಲ್ಲೇನೋ ಗೀಚಿದೆಯಲ್ಲ," ಎಂದು ಕಾಲರ್ ಮಾವ ಅಲ್ಲಿಂದಲೇ ಕೂಗಿದ. "ಹೊಲಿಯೋದಕ್ಕೆ ಸಂಬಂಧಪಟ್ಟಿದ್ದಾ?"

"ಅಲ್ಲ ಮಾವ, ಹಳೇ ಕಾಗದ ಅದು. ಕೊಡಿ ಇಲ್ಲಿ." ಗುಂಡುಸೂಜಿಗಳನ್ನು ಅಂಗೈಗೆ ಉಗುಳಿಕೊಂಡು ಅವಳು ಹೋಗಿ ಕೈಚಾಚಿದಳು.

"ಕೊಟ್ರೆ ಅಳತೆ ಎಲ್ಲಿ ನೋಡ್ಲಿ? ಡಾಕ್ಟರ ಕತ್ತಿಗೆ ಏನ್ ಹಾಕ್ಲಿ, ಹಗ್ಗವಾ?" ಮುದುಕ ತನ್ನ ಮಾತಿಗೆ ತಾನೇ ನಕ್ಕು ಕಾಗದವನ್ನು ಬಟ್ಟೆಯ ಮೇಲೆ ಮತ್ತೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಅದರ ತುದಿಗೆ ಇಟ್ಟ. ಅವನು ಓದಿದ್ದನೋ, ಓದಿಯೂ ತಿಳಿಯಲಿಲ್ಲವೋ, ತಿಳಿದೂ ತನಗೇಕೆ ಎಂದು ಬಿಟ್ಟನೋ ಅವನ ಮುಖದಲ್ಲಿ ಏನೂ ಇರಲಿಲ್ಲ. ಕಾಲರಿನ ತುಂಡಿನಲ್ಲಿ ಇದ್ದದ್ದು ಹಾಳೆಯ ಮೂಲೆಯ ಮಾತು, ಬಟ್ಟೆಯ ಬಿಳುಪಿನ ಬಗ್ಗೆ. ಬೆಳಗಿನ ಮೊದಲ ಬೆಳಕಿನಲ್ಲಿ ಥಾನಿನ ಬಿಳುಪು ಒಂದು ಥರ, ಮಧ್ಯಾಹ್ನ ಒಂದು ಥರ, ಸಂಜೆ ಹಾಲು ಕೆಟ್ಟ ಹಾಗೆ ಇನ್ನೊಂದು ಥರ ಎಂದು ಬರೆದಿದ್ದಳು. ಅದನ್ನು ಬರೆಯುವಾಗ ಆದ ಸುಖ ಈಗ ಬಟ್ಟೆ ಬಿಚ್ಚಿಸಿ ನಿಲ್ಲಿಸಿದ ಹಾಗೆ ನಾಚಿಕೆಯಾಗಿ ಕಿವಿ ಬಿಸಿಯಾಯಿತು. ಬೈಗುಳ ಬರೆದು ಸಿಕ್ಕಿಬಿದ್ದರೆ ಸಿಟ್ಟಿತ್ತು ಅನ್ನಬಹುದು. ಬಿಳುಪಿನ ಬಗ್ಗೆ ಬರೆದದ್ದಕ್ಕೆ ಏನೆನ್ನುವುದು?

ಬರೆಯುವುದು ಎನ್ನುವುದೇ ದೊಡ್ಡ ಮಾತು. ಯಾವುದೋ ಒಂದು ಬೆಳಗ್ಗೆ ತೋಳಿನ ಗೆರೆ ಎಳೆದು ಮುಗಿಸಿದ ಪೆನ್ಸಿಲ್ಲು ಅಲ್ಲೇ ನಿಲ್ಲದೆ ಕಾಗದದ ಅಂಚಿಗೆ ಇಳಿದು 'ತಲೆ ಸಿಡಿಯುತ್ತಿದೆ' ಎಂದು ಬರೆದಿತ್ತು, ಅಷ್ಟೇ. ಯಾಕೆ ಸಿಡಿಯುತ್ತಿದೆ ಎಂದು ಕೆಳಗೆ ಇನ್ನೊಂದು ಸಾಲು. ಅದಕ್ಕೊಂದು ಯಾಕೆ. ಹಾಗೆ ಅಂಚು ತುಂಬಿತು, ತಲೆನೋವೇನೂ ನಿಲ್ಲಲಿಲ್ಲ, ಆದರೆ ಆವತ್ತು ಕತ್ತರಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಅಂದಿನಿಂದ ಶುರು. ಎಲ್ಲರಿಗಿಂತ ಮೊದಲು ಎದ್ದು ಕೆಳಗಿಳಿದು, ಕಂದು ಕಾಗದದ ಸುರುಳಿಯನ್ನು ಮಾರುದ್ದ ಬಿಚ್ಚಿ, ಮನಸ್ಸಿಗೆ ಬಂದದ್ದನ್ನು ಬರೆದು, ಬರೆದದ್ದನ್ನು ಚೂರುಚೂರು ಕತ್ತರಿಸಿ ಚಿಂದಿ ಚೀಲಕ್ಕೆ ಹಾಕಿಬಿಡುವುದು. ಓದಿನೋಡುವ ಆಸೆಯೂ ಇರಲಿಲ್ಲ, ಕೂಡಿಡುವ ಆಸೆಯೂ ಇರಲಿಲ್ಲ. ಬೆಟ್ಟದಂಥ ಸಿಟ್ಟು ಹಾಳೆಯ ತುದಿಗೆ ಬರುವಷ್ಟರಲ್ಲಿ ಸಾಸಿವೆಯಾಗಿರುತ್ತಿತ್ತು. ಕೆಲವು ಸಲ ಸಾಸಿವೆಯೆಂದುಕೊಂಡದ್ದೇ ಬೆಟ್ಟವಾಗಿ ಎದುರು ನಿಂತು ಹೆದರಿಸುತ್ತಿತ್ತು. ಒಂದು ದಿನ ಗಂಡನ ಗೊರಕೆಯ ಬಗ್ಗೆ ಬರೆಯುತ್ತ ಬರೆಯುತ್ತ ಅದರೊಳಗೂ ಒಂದು ತಾಳ ಸಿಕ್ಕಿ, ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿದ್ದಳು. ಬರೆಯದ ದಿನ ಯಾರು ಏನೆಂದರೂ ಮೈಮೇಲೆ ಬಿದ್ದ ಹಾಗೆ ಆಗುತ್ತಿತ್ತು. ಬರೆದ ದಿನ ಅದೇ ಮಾತು ಪಕ್ಕದಲ್ಲಿ ಹಾದುಹೋಗುತ್ತಿತ್ತು.

ಆದರೆ ಒಬ್ಬಳೇ ಎನ್ನುವುದು ಪೂರ್ತಿ ನಿಜವಲ್ಲ. ಅತ್ತೆ ಇರುತ್ತಿದ್ದರು. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದೆ ಅವರ ಮಂಚ ಅಂಗಡಿಯ ಹಿಂದಿನ ಕೋಣೆಗೇ ಇಳಿದು ಬಂದ ಮೇಲೆ, ಬೆಳಗ್ಗೆ ಎದ್ದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಬಂದು ಕೂರುತ್ತಿದ್ದರು. ಈ ಅಂಗಡಿ ಅವರು ಕಟ್ಟಿದ್ದು, ಈ ಕತ್ತರಿ ಅವರದು, ಸೊಸೆಯ ಕೈಗೆ ಕತ್ತರಿ ಹಿಡಿಯಲು ಕಲಿಸಿದ್ದೂ ಅವರೇ. ಈಗ ಕಣ್ಣು ಮಂಜಾಗಿ ದಾರದ ಬಣ್ಣ ತಿಳಿಯದು. ಬೆರಳು ಮಾತ್ರ ಹಾಗೇ ಇದೆ, ಮುಟ್ಟಿಯೇ ಕಚ್ಚಾ ಹೊಲಿಗೆ ಹಾಕುತ್ತಾರೆ. ಅವರಿಗೆ ಅಂಕಿ ಬರುತ್ತದೆ, ಅಕ್ಷರ ಬಾರದು. ಕಣ್ಣು ಚೆನ್ನಾಗಿದ್ದಾಗಲೂ ಬರುತ್ತಿರಲಿಲ್ಲ. ಪೆನ್ಸಿಲ್ಲಿನ ಸರಬರ ಕೇಳಿ "ಅಳತೆನಾ?" ಎನ್ನುವರು. "ಹೂಂ ಅತ್ತೆ" ಎನ್ನುವಳು. ಹೂಂ ಎನ್ನುತ್ತಲೇ ಅವರ ಬಗ್ಗೆ ಬರೆಯುವಳು. ಬೆನ್ನ ಹಿಂದೆ ಆಡಿಕೊಳ್ಳುವವರಾದರೂ ದನಿ ತಗ್ಗಿಸುತ್ತಾರೆ; ಓದಲು ಬಾರದವರ ಮುಖದೆದುರೇ ಕೂತು ಅವರನ್ನು ಬರೆಯುವುದು ಅದಕ್ಕಿಂತ ಹೀನ ಎಂದು ಅವಳಿಗೆ ಗೊತ್ತಿತ್ತು, ಅದನ್ನೂ ಒಂದು ದಿನ ಬರೆದಿದ್ದಳು. ಬರೆದು, ಹಗುರಾಗಿ, ಮಾರನೆಯ ದಿನ ಮತ್ತೆ ಹೂಂ ಅಂದಿದ್ದಳು.

ತೋಳಿನ ತುಂಡು ಅತ್ತೆಯ ಮಡಿಲಲ್ಲಿತ್ತು.

ತೋಳಿನಲ್ಲೇ ಇತ್ತು ಆ ಸಾಲು. ಹಾಳೆಯ ನಟ್ಟನಡುವೆ ಬರೆದದ್ದು ತೋಳಿಗೇ ಹೋಗಿರಬೇಕು, ತೋಳಿನ ಗೆರೆ ಎಳೆದದ್ದು ಅಲ್ಲೇ. ನಿನ್ನೆ ಡಾಕ್ಟರು ಅಳತೆ ಕೊಡಲು ಬಂದಿದ್ದರು. ಹೋದ ವರ್ಷದ ಕೋಟಿನ ಭುಜ ತಟ್ಟಿಕೊಂಡು, ಇಂಥ ಕಟಿಂಗು ಊರೆಲ್ಲ ಹುಡುಕಿದರೂ ಸಿಗುವುದಿಲ್ಲ ಎಂದರು. ಅತ್ತೆ ಕುರ್ಚಿಯಿಂದಲೇ "ನಮ್ಮ ಕೈ ಹಾಗೆ" ಎಂದರು. ಆ ಕೋಟನ್ನು ಕತ್ತರಿಸಿದವಳು ಡಾಕ್ಟರ ಬೆನ್ನ ಹಿಂದೆ ಟೇಪು ಹಿಡಿದು ನಿಂತಿದ್ದಳು, ಬಾಯಿತುಂಬ ಗುಂಡುಸೂಜಿ ಇತ್ತು, ಇಲ್ಲದಿದ್ದರೂ ಏನೂ ಅನ್ನುತ್ತಿರಲಿಲ್ಲ. ಗಂಡ ಹಲ್ಲುಕಿರಿದು ತಲೆಯಾಡಿಸಿದ. ರಾತ್ರಿಯೆಲ್ಲ ಆ ಎರಡು ಮಾತು ಹಲ್ಲಿನ ಸಂದಿಯ ನಾರಿನಂತೆ ನಾಲಿಗೆಗೆ ಸಿಗುತ್ತಲೇ ಇತ್ತು. ಬೆಳಗ್ಗೆ ಬಂದು ಬರೆದಿದ್ದಳು: 'ಅತ್ತೆ ಇಲ್ಲದ ಒಂದು ಬೆಳಗು ನೋಡಬೇಕು. ಆ ಕುರ್ಚಿ ಖಾಲಿ ಇರಬೇಕು. ನಾನು ಕತ್ತರಿಸಿದ್ದು ನನ್ನದಾಗಬೇಕು.' ಪೆನ್ಸಿಲ್ಲಿನ ಮೊನೆ ಎರಡು ಸಲ ಮುರಿದಿತ್ತು. ಮೂರು ಮಾರು ದೂರದಲ್ಲಿ ಅತ್ತೆ ಕೂತು "ಅಳತೆನಾ?" ಎಂದಿದ್ದರು.

ಕಾಜಾದವಳು ಎದ್ದು ಬಂದಳು. ಗುಂಡಿಯ ಮನೆ ಹೊಲಿಯುವ ಹೆಂಗಸು, ಬಾಯಿ ಬೊಂಬಾಯಿ. ಅವಳ ಕಿವಿಗೆ ಬಿದ್ದದ್ದು ಡಂಗುರ ಹೊಡೆಸಿದ ಹಾಗೆ ಎಂದು ಅತ್ತೆಯೇ ಅನ್ನುತ್ತಿದ್ದರು. ಕೈಯಲ್ಲಿ ಎದೆಭಾಗದ ಕಾಗದ. ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದಳು:

"ಅಕ್ಕಾ, ಆಮೇಲೇನಾಯ್ತು?"

"ಯಾವುದು?"

"ಇದೇ ಅಕ್ಕಾ. 'ಎಲ್ಲರೆದುರಿಗೆ ಸ್ಕೇಲಿನಿಂದ ಗೆಣ್ಣಿನ ಮೇಲೆ ಹೊಡೆದರು, ನಾನು ಅಳಲಿಲ್ಲ, ಯಾಕೆಂದರೆ' ಅಂತ ಇದೆ. ಅಲ್ಲಿಗೆ ಕಂಕುಳ ತಿರುವು ಬಂದು ಕಟ್ ಆಗ್ಬಿಟ್ಟಿದೆ. ಯಾಕೆ ಅಳಲಿಲ್ಲ ನೀವು? ಬೆಳಗ್ಗಿಂದ ಒಂದು ಕಾಜಾನೂ ನೆಟ್ಟಗೆ ಬೀಳ್ತಿಲ್ಲ ನಂಗೆ."

ಅವಳು ಬಾಯಿ ತೆರೆದಳು. ಯಾಕೆ ಅಳಲಿಲ್ಲ ಎಂದು ತಾನು ಬರೆದದ್ದು ನೆನಪಾಗಲಿಲ್ಲ. ಮದುವೆಯಾಗಿ ಬಂದ ಹೊಸತು, ಬಟ್ಟೆಯ ಎಳೆ ನೋಡದೆ ಅಡ್ಡ ಕತ್ತರಿಸಿದ್ದಕ್ಕೆ ಅತ್ತೆಯಿಂದ ಬಿದ್ದ ಏಟು; ನೋವಾಗಿತ್ತು, ಆದರೆ ಆ ನೋವಿನೊಳಗೆ ತಪ್ಪು ಎಲ್ಲಿ ಆಯಿತೆಂದು ಕೈಗೆ ತಕ್ಷಣ ತಿಳಿದಿತ್ತು, ಆ ತಿಳಿವಳಿಕೆ ಅಂದಿನಿಂದ ಕೈ ಬಿಟ್ಟಿರಲಿಲ್ಲ. ಹಾಗೆಂದು ಬರೆದಿದ್ದಳೆ? ಅಥವಾ ಹಠಕ್ಕೆ ಅಳಲಿಲ್ಲ ಎಂದು ಬರೆದಿದ್ದಳೆ? ಅದು ಬೆನ್ನಿನ ತುಂಡಿಗೆ ಹೋಗಿದೆ. ಬೆನ್ನು ಯಂತ್ರದ ಕೆಳಗೆ ಹೋಗಿದೆ. "ಕೆಲಸ ನೋಡು ಹೋಗೇ," ಎಂದಳು, ದನಿ ತಾನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಕಾಜಾದವಳು ಮುಖ ಸಣ್ಣಗೆ ಮಾಡಿಕೊಂಡು, "ನೀವು ಬರೆಯೋದೂ ಅಲ್ಲದೆ ಬೈಯೋದೂ ನೀವೇನಾ," ಎಂದು ಗೊಣಗುತ್ತ ಹೋದಳು.

ಆಮೇಲೆ ಅವಳಿಗೆ ಕೈ ಓಡಲಿಲ್ಲ. ಅತ್ತೆಯ ಕುರ್ಚಿಯ ಸುತ್ತ ಏನೇನೋ ನೆಪದಿಂದ ಸುಳಿದಳು. ದಾರ ಬೇಕಾ ಎಂದಳು. ಫ್ಯಾನು ಜೋರು ಮಾಡಲೇ ಎಂದಳು. "ಕೊಡಿ ಅತ್ತೆ, ಆ ತೋಳು ನಾನು ಮಾಡ್ತೀನಿ, ನಿಮಗೆ ಸುಮ್ನೆ ಶ್ರಮ," ಎಂದಾಗ ಅತ್ತೆ ತಲೆಯೆತ್ತದೆ, "ಇವತ್ತೇನು ಭಾರೀ ಉಪಚಾರ?" ಎಂದರು. ಬೆರಳುಗಳು ಕಾಗದದ ಮೇಲೆ ಮೆಲ್ಲಗೆ ಸರಿಯುತ್ತಿದ್ದವು, ಅಂಚಿಗೆ ಹೋಗಬೇಕಾದವು ನಡುವೆ ನಿಲ್ಲುತ್ತಿದ್ದವು. ಗುರುತಿನ ಗೆರೆ ಅಂಚಿನಲ್ಲಿದೆ, ನಡುವೆ ಏನಿದೆ ಅವರಿಗೆ? ಕಾಗದವನ್ನು ಕಸಿದುಕೊಂಡು ಬಾಯಿಗೆ ಹಾಕಿ ಅಗಿದು ನುಂಗಿಬಿಡಬೇಕು ಎನ್ನಿಸಿತು. ಹಾಗೆ ಮಾಡಿದರೆ ಇವರೆಲ್ಲ ಡಾಕ್ಟರನ್ನೇ ಕರೆಸಿಯಾರು, ಕೋಟಿಲ್ಲದೆ ಬರಬೇಕಾದೀತು ಎಂದುಕೊಂಡು ನಗು ಬಂತು, ಬಂದ ನಗುವಿಗೂ ಭಯವಾಯಿತು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಿಡದೆ ಬಾರಿಸುತ್ತಿದ್ದರು. ಮೇಜಿಗೆ ಹಿಂದಿರುಗಿ ಒಂದು ಜೇಬು ಕತ್ತರಿಸಿದಳು, ಅದು ಸೊಟ್ಟಗಾಯಿತು, ಹೊಸ ಸೊಸೆಯಾಗಿದ್ದಾಗ ಕೂಡ ಇಷ್ಟು ಸೊಟ್ಟ ಕತ್ತರಿಸಿದ್ದಿಲ್ಲ.

ಚಹಾದ ಹೊತ್ತಿಗೆ ಅವಳು ಮೇಲಿನಿಂದ ಲೋಟಗಳನ್ನು ಹಿಡಿದು ಇಳಿಯುತ್ತಿದ್ದಾಗ ಮೆಟ್ಟಿಲ ತಿರುವಿನಿಂದ ಕಂಡಿತು: ಅತ್ತೆಯ ಕಾಲ ಬಳಿ ಕಾಜಾದವಳು ಕುಕ್ಕರುಗಾಲಲ್ಲಿ ಕೂತಿದ್ದಾಳೆ, ತೋಳಿನ ತುಂಡು ಅವಳ ಕೈಯಲ್ಲಿದೆ, ಅತ್ತೆ ಕಿವಿಯನ್ನು ಅವಳ ಬಾಯಿಯ ಮಟ್ಟಕ್ಕೆ ತಗ್ಗಿಸಿದ್ದಾರೆ. ಲೋಟಗಳು ತಟ್ಟೆಯಲ್ಲಿ ಗಲಗಲ ಎಂದವು. ಕಾಜಾದವಳು ತಿರುಗಿ ನೋಡಿ, ಕಾಗದವನ್ನು ಅತ್ತೆಯ ಮಡಿಲಿಗೆ ಹಾಕಿ, "ಇಲ್ಲಿಂದ ಮುಂದೆ ಅಳಿಸಿಹೋಗಿದೆ ಅಮ್ಮಾ, ಕಾಣ್ತಿಲ್ಲ," ಎಂದು ಎದ್ದುಬಿಟ್ಟಳು. ಚಹಾ ತೆಗೆದುಕೊಳ್ಳುವಾಗ ಅವಳು ಇವಳ ಕಣ್ಣು ನೋಡಲಿಲ್ಲ. ಬಾಯಿ ಬೊಂಬಾಯಿಯವಳು ಅವತ್ತು ಮತ್ತೆ ಸಂಜೆಯವರೆಗೆ ತುಟಿ ಬಿಚ್ಚಲಿಲ್ಲ. ಡಂಗುರವನ್ನಾದರೂ ತಾಳಿಕೊಳ್ಳಬಹುದಿತ್ತು.

ಕೋಟು ಆಯಿತು. ಗಂಡ ಅದನ್ನು ಕೊಡವಿ, ಬೆಳಕಿಗೆ ಹಿಡಿದು, "ಏನ್ ಕೂತಿದೆ ನೋಡು ಭುಜ!" ಎಂದು ಯಾರಿಗೆಂದಿಲ್ಲದೆ ಹೇಳಿ, ಮಡಿಸಿಕೊಂಡು ಹೊರಟ. ಕಾಲರ್ ಮಾವ ತನ್ನ ಪಾಲಿನ ಕಾಗದವನ್ನು ತಂದು ಅವಳ ಕೈಗಿಟ್ಟು, "ಬಿಳುಪಿನ ಮಾತು ಸರಿಯಾಗಿದೆ ತಾಯಿ. ನಾನೂ ನೋಡಿದ್ದೀನಿ," ಎಂದು ಚಪ್ಪಲಿ ಮೆಟ್ಟಿ ನಡೆದ. ಬೇರೆ ದಿನವಾಗಿದ್ದರೆ ಆ ಒಂದು ಮಾತಿನ ಮೇಲೆ ಅವಳು ತಿಂಗಳು ಕಳೆಯುತ್ತಿದ್ದಳು. ಕಾಜಾದವಳು ಹೋದಳು. ಯಂತ್ರಗಳಿಗೆ ಹೊದಿಕೆ ಬಿತ್ತು. ಕಸ ಗುಡಿಸಿದಳು, ಗುಡಿಸಿದ ಕಡೆಯೇ ಇನ್ನೊಮ್ಮೆ ಗುಡಿಸಿದಳು. ತೋಳಿನ ತುಂಡು ಇನ್ನೂ ಅತ್ತೆಯ ಮಡಿಲಲ್ಲೇ ಇತ್ತು, ಅವರು ಅದನ್ನು ನಾಲ್ಕಾಗಿ ಮಡಿಸಿ ಅಂಗೈಯಿಂದ ಇಸ್ತ್ರಿ ಮಾಡುವ ಹಾಗೆ ಸವರುತ್ತಿದ್ದರು.

"ಸಾಕು ಗುಡಿಸಿದ್ದು. ನೆಲ ಸವೆಯುತ್ತೆ. ಬಾ ಇಲ್ಲಿ," ಎಂದರು.

ಅವಳು ಪೊರಕೆ ಹಿಡಿದೇ ಹೋಗಿ ನಿಂತಳು.

"ಓದು ಇದನ್ನ."

ಕಾಗದ ಬಿಚ್ಚಿದಳು. ಕೋಣೆಯಲ್ಲಿ ಓದಬಲ್ಲವಳು ತಾನೊಬ್ಬಳೇ ಎಂಬುದು ಆಗ ಹೊಳೆಯಿತು. ಏನನ್ನಾದರೂ ಓದಬಹುದು. ಬಾಯಿಗೆ ಬಂದದ್ದು ಓದಬಹುದು. "ಅತ್ತೆ ಇಲ್ಲದ ಒಂದು ಬೆಳಗು," ಎಂದಳು, ಗಂಟಲು ಸರಿಮಾಡಿಕೊಂಡಳು, "ನನಗೆ ನೆನೆಸಿಕೊಳ್ಳೋಕೂ ಆಗಲ್ಲ. ಆ ಕುರ್ಚಿ ಯಾವಾಗಲೂ..."

"ಅಷ್ಟು ಒತ್ತಿ ಯಾರೂ ಒಳ್ಳೇದು ಬರೆಯಲ್ಲ ಕಣೇ," ಎಂದರು ಅತ್ತೆ. ಕೈಚಾಚಿ ಕಾಗದದ ಹಿಂಬದಿಯನ್ನು ಮುಟ್ಟಿದರು. ಪೆನ್ಸಿಲ್ಲು ಹೂತಿದ್ದ ಸಾಲುಗಳು ಅಲ್ಲಿ ಬರೆಯಂತೆ ಎದ್ದು ನಿಂತಿದ್ದವು. "ಅಕ್ಷರ ಗೊತ್ತಿಲ್ಲ ನಂಗೆ. ಕೈ ಭಾರ ಗೊತ್ತಿಲ್ವಾ? ನಿನ್ನ ಕೈಗೆ ಕತ್ತರಿ ಕೊಟ್ಟವಳು ನಾನು. ಆ ಕಾಜಾದವಳೂ ಓದ್ತಾ ಅಲ್ಲಿಗೇ ಬಂದು ನಿಂತಳು. ಇದ್ದದ್ದು ಇದ್ದ ಹಾಗೆ ಓದು."

ಓದಿದಳು. ನೋಡಬೇಕು ಎನ್ನುವುದನ್ನು ಓದಿದಳು, ಕುರ್ಚಿ ಖಾಲಿ ಇರಬೇಕು ಎನ್ನುವುದನ್ನು ಓದಿದಳು, ನಾನು ಕತ್ತರಿಸಿದ್ದು ನನ್ನದಾಗಬೇಕು ಎನ್ನುವಾಗ ದನಿ ಒಡೆದು ಕೊನೆಯ ಪದ ಗಾಳಿಯಷ್ಟೇ ಆಗಿ ಬಂತು. ಕಣ್ಣೆತ್ತುವ ಧೈರ್ಯವಾಗಲಿಲ್ಲ. ಕಿಟಕಿಯ ಹೊರಗೆ ಬೆಳಕು ಹೋಗುತ್ತಿತ್ತು, ಮೇಜಿನ ಮೇಲಿನ ಥಾನು ಹಾಲು ಕೆಟ್ಟ ಬಣ್ಣಕ್ಕೆ ತಿರುಗಿತ್ತು.

ಅತ್ತೆ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ನಾಲ್ಕಾಗಿ ಮಡಿಸಿದರು. ಆಮೇಲೆ, ಯಾವುದೋ ಹಳೆಯ ಗಿರಾಕಿಯ ಅಳತೆ ನೆನಪಿಸಿಕೊಳ್ಳುವ ದನಿಯಲ್ಲಿ, "ನಮ್ಮತ್ತೆ ಇದ್ದಾಗ ನಾನೂ ಹಿಂಗೇ ಅನ್ಕೋತಿದ್ದೆ," ಎಂದರು. "ದಿನಾ ಅನ್ಕೋತಿದ್ದೆ. ನಂಗೆ ಬರೆಯೋಕೆ ಬರ್ತಿರಲಿಲ್ಲ. ಅವಳು ಹೋದ್ಲು, ನೀನು ಬಂದೆ. ಎಲ್ಲ ನಿನ್ನ ಗೆಣ್ಣಿನ ಮೇಲೆ ಬರೆದೆ."

ಅವಳ ಬೆರಳ ಗೆಣ್ಣುಗಳು ತಾವಾಗಿಯೇ ಮುದುಡಿಕೊಂಡವು. ಕ್ಷಮಿಸಿ ಎನ್ನಬೇಕಾದವರು ಯಾರು ಎಂದು ತಿಳಿಯಲಿಲ್ಲ. ಅಳು ಬಂತು, ಅಳುವಿನ ಜೊತೆಗೇ, ನಿನ್ನೆಯ 'ನಮ್ಮ ಕೈ' ಇನ್ನೂ ಹಲ್ಲಿನ ಸಂದಿಯಲ್ಲೇ ಇದೆ ಎನ್ನುವುದೂ ತಿಳಿಯಿತು. ಅಳು ಬಂತೆಂದು ಸಿಟ್ಟು ಹೋಗಬೇಕೆಂದೇನಿಲ್ಲವಲ್ಲ.

"ಬರೆದ್ರೆ ಏನಾಗುತ್ತೆ ನಿಂಗೆ?" ಎಂದರು ಅತ್ತೆ. "ದಿನಾ ಅಷ್ಟು ಮುಂಚೆ ಎದ್ದು ಕೂರ್ತೀಯಲ್ಲ."

"ಹಗುರ ಆಗುತ್ತೆ ಅತ್ತೆ."

"ಹಂಗಾದ್ರೆ ನಂದೊಂದು ಬರಿ. ಪೆನ್ಸಿಲ್ ತಗೋ."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಮೇಜಿನ ಬಳಿ ಹೋದಳು. ಕಂದು ಕಾಗದದ ಸುರುಳಿ ಬಿಚ್ಚಿ ಅಂಚಿಗೆ ಸ್ಕೇಲು ಇಟ್ಟಳು. ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಒಂದೊಂದೇ ಪದವನ್ನು ಮುಟ್ಟಿ ನೋಡಿ ಇಡುವ ಹಾಗೆ ಹೇಳಿದರು:

"ಸೊಸೆ ಇಲ್ಲದ ಒಂದು ಬೆಳಗು ನೋಡಬೇಕು."

ಪೆನ್ಸಿಲ್ಲು ಅಲ್ಲೇ ನಿಂತಿತು. ತಾನು ಬರೆದದ್ದೇ ತನ್ನ ಮೈಗೆ ತಾಗಿದಾಗ ಇಷ್ಟು ಉರಿಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಬರೆದ್ಯಾ?"

"ಬರೀತಿದ್ದೀನಿ."

"ಅವಳ ಕೈ ನನ್ನ ಕೈಗಿಂತ ಚೆನ್ನಾಗಿ ಓಡುತ್ತೆ, ಅದನ್ನ ನೋಡ್ತಾ ದಿನಾ ಈ ಕುರ್ಚಿಯಲ್ಲಿ ಕೂರೋಕಾಗಲ್ಲ ನಂಗೆ. ಅದನ್ನೂ ಬರಿ."

ಬರೆದಳು. ಒಂದಕ್ಷರ ಬಿಡದೆ ಬರೆದಳು. ಪೆನ್ಸಿಲ್ಲಿನ ಸರಬರ ನಿಂತದ್ದು ಕೇಳಿ ಅತ್ತೆ, ಓದು ಎಂದರು. ಓದಿದಳು. ಅವರು ತಲೆ ವಾರೆ ಮಾಡಿ ಕೇಳಿಸಿಕೊಂಡು, ಎದೆಯ ಮೇಲೆ ಅಂಗೈ ಇಟ್ಟು, ಒಳಗೆ ಏನಾದರೂ ಆಗುವುದೋ ಎಂದು ಸ್ವಲ್ಪ ಹೊತ್ತು ಕಾದರು.

"ಏನೂ ಆಗ್ಲಿಲ್ಲ," ಎಂದರು. "ಇನ್ನೊಂದು ಬರಿ."

ಅವಳು ಸುರುಳಿಯನ್ನು ಇನ್ನಷ್ಟು ಬಿಚ್ಚಿದಳು.